ಬಂಗಾಲಿ ನೀರಪ್ಪ ಬರೆದ ಕಾಗದ

ಹೀರಾಬಿಗೆ ಬಂದ ಆ ಕಾಗದವನ್ನು ಓದಬಲ್ಲವರು ಮಾನ್ವಿಯಲ್ಲಿ ಒಬ್ಬರೂ ಇರಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆ. ಸಂತೆಯ ದಿನವಾದ್ದರಿಂದ ಪೋಸ್ಟ್‌ಮನ್ ಶಂಶುದ್ದೀನ್ ಅದನ್ನು ಮನೆಗೆ ಒಯ್ಯದೆ, ಆಕೆ ಅರಿಷಿಣ ಕೊಂಬು, ಒಣಮೆಣಸಿನಕಾಯಿ, ಬೆಳ್ಳುಳ್ಳಿ ಹರಡಿಕೊಂಡು ಕೂತಿದ್ದ ಜಾಗಕ್ಕೇ ತಂದ. ಮೇಲಿನ ವಿಳಾಸ ಇಂಗ್ಲಿಷಿನಲ್ಲಿತ್ತು. ದೇವದುರ್ಗದ ಆಕೆಯ ತವರುಮನೆಯದು, ತೀರಿಹೋಗಿ ಹದಿನೈದು ವರ್ಷವಾಗಿದ್ದ ಅಪ್ಪನ ಹೆಸರಿಗೆ. ಅಲ್ಲಿ ಯಾರೋ ಗುರುತಿದ್ದವರು ಅದಕ್ಕೆ ಗೀಟು ಹೊಡೆದು ಮಾನ್ವಿ ಎಂದು ಬರೆದು ಕಳಿಸಿದ್ದರು. ಶಂಶುದ್ದೀನ್ ಬಿಚ್ಚಿ ನೋಡಿ, ಇದು ಉರ್ದುವಲ್ಲ, ಕನ್ನಡ, ತೆಲುಗು ಯಾವುದೂ ಅಲ್ಲ, ಹಿಂದಿಯ ಹಾಗೆ ನೆತ್ತಿಯ ಮೇಲೆ ಗೆರೆಯಿದೆ, ಆದರೆ ಹಿಂದಿಯೂ ಅಲ್ಲ ಎಂದು ತಮ್ಮಿಬ್ಬರ ಮನೆಮಾತಾದ ದಖನಿ ಉರ್ದುವಿನಲ್ಲಿ ಹೇಳಿದ. ಆಮೇಲೆ ಅಂಚೆಚೀಟಿಯ ಮೇಲೆ ಬೆರಳಿಟ್ಟು, ಬಾಂಗ್ಲಾದೇಶ, ಎಂದ.

ಹೀರಾಬಿಯ ಕೈಯಲ್ಲಿದ್ದ ತಕ್ಕಡಿ ಒಂದು ಕಡೆ ವಾಲಿತು. ಆ ದೇಶದಲ್ಲಿ ಆಕೆಗೆ ಇದ್ದವನು ಒಬ್ಬನೇ, ಅಣ್ಣ ಗುಲಾಮ್ ರಸೂಲ್.

ಅಣ್ಣ ನಿಜಾಮನ ಕಾಲದಲ್ಲಿ ರಾಯಚೂರಿನ ರೈಲು ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ. ನಲವತ್ತೆಂಟರಲ್ಲಿ ಆರು ತಿಂಗಳು, ನಿಜಾಮನ ಪರ ಹೊಡೆದಾಡುತ್ತಿದ್ದ ರಜಾಕಾರರ ಖಾಕಿ ಹಾಕಿಕೊಂಡಿದ್ದ. ಹೆಗಲಿಗೆ ಬಂದೂಕು ಏರಿಸಿಕೊಂಡು ದೇವದುರ್ಗಕ್ಕೆ ಬಂದಾಗ ಹದಿನೇಳರ ಹೀರಾಬಿ ಬಾಗಿಲ ಮರೆಯಲ್ಲಿ ನಿಂತು ಹೆಮ್ಮೆಪಟ್ಟಿದ್ದೂ ಉಂಟು. ಹಿಂದುಸ್ತಾನದ ಸೈನ್ಯ ಬಂತು, ಹೈದರಾಬಾದ್ ಬಿತ್ತು, ಅಣ್ಣ ಕಾಣೆಯಾದ. ಊರವರು ಕೊಡಲಿ ಹಿಡಿದು ತಿರುಗಾಡತೊಡಗಿದಾಗ ಅಪ್ಪ, ಅಮ್ಮ, ಹೀರಾಬಿ ಮೂವರೂ ಕುರುಬರ ದುರುಗಪ್ಪನ ಕುರಿಹಟ್ಟಿಯಲ್ಲಿ ಹನ್ನೊಂದು ದಿನ ಅಡಗಿದ್ದು ಜೀವ ಉಳಿಸಿಕೊಂಡರು. ಮೂರು ವರ್ಷ ಬಿಟ್ಟು ಕರಾಚಿಯಿಂದ ಅಣ್ಣನ ಕಾಗದ ಬಂತು. ಆಮೇಲೆ ಪೂರ್ವ ಪಾಕಿಸ್ತಾನದ ಯಾವುದೋ ರೈಲು ಜಂಕ್ಷನ್ನಿನಿಂದ ವರ್ಷಕ್ಕೊಂದೆರಡು. ಅಲ್ಲೇ ಮದುವೆಯಾದ, ಜಾಹೆದಾ ಎಂಬ ಮಗಳು ಹುಟ್ಟಿದಳು. ಎಪ್ಪತ್ತೊಂದರಲ್ಲಿ ಆ ದೇಶ ಹೊತ್ತಿ ಉರಿಯಿತು, ಕಾಗದ ನಿಂತವು. ಅಲ್ಲಿ ಉರ್ದು ಮಾತಾಡುವವರನ್ನು ಹುಡುಕಿ ಹುಡುಕಿ ಕೊಂದರಂತೆ ಎಂದು ಯಾರೋ ಹೇಳಿದ್ದರು. ಎಂಟು ವರ್ಷದಿಂದ ಹೀರಾಬಿ ಅಣ್ಣನಿಗಾಗಿ ದುವಾ ಮಾಡುವಾಗ ಬದುಕಿರುವವರಿಗೆ ಮಾಡುವುದೋ ಸತ್ತವರಿಗೆ ಮಾಡುವುದೋ ತಿಳಿಯದೆ ಎರಡನ್ನೂ ಮಾಡುತ್ತಿದ್ದಳು.

ಕಾಗದ ಓದಬಲ್ಲವನು ಊರಲ್ಲಿ ಇರಲಿಲ್ಲ, ಸಂತೆಯಲ್ಲಿದ್ದ. ಪೂರ್ವ ಪಾಕಿಸ್ತಾನದಿಂದ ಓಡಿಬಂದ ಹಿಂದೂ ನಿರಾಶ್ರಿತರಿಗೆ ಸಿಂಧನೂರಿನ ಕಡೆ ಸರ್ಕಾರ ಹಾಕಿಕೊಟ್ಟಿದ್ದ ಬಂಗಾಲಿ ಕ್ಯಾಂಪಿನಿಂದ ಪ್ರತಿವಾರ ಕಾಲುವೆ ಮೀನು ತಂದು ಮಾರುವವನು ಅವನು. ಹೆಸರು ನಿರಾಪದ ಮಂಡಲ್. ಸಂತೆಯ ಬಾಯಲ್ಲಿ ಅದು ನೀರಪ್ಪ ಎಂದಾಗಿತ್ತು. ನಲವತ್ತೈದರ ಸುಮಾರಿನ, ಮಾತು ಕಡಿಮೆಯ ಮನುಷ್ಯ. ಮೀನಿಗೆ ಹಚ್ಚಲು ಅರಿಷಿಣವನ್ನು ಹೀರಾಬಿಯ ಹತ್ತಿರವೇ ಒಯ್ಯುತ್ತಿದ್ದ. ಒಮ್ಮೆ ಆಕೆಯ ಬೆಳ್ಳುಳ್ಳಿಗೆ ಬಾಯಿ ಹಾಕಿದ ಆಡಿಗೆ ಆಕೆ "ಚಲ್, ನಿಕಲ್!" ಎಂದು ಗದರಿಸಿದಾಗ, ಎದುರಿಗಿದ್ದ ನೀರಪ್ಪ ಬೆಚ್ಚಿಬಿದ್ದು ಮೀನಿನ ಬುಟ್ಟಿಯನ್ನೇ ಕೈಬಿಟ್ಟಿದ್ದ. ಏನಾಯಿತು ಎಂದರೆ ಏನಿಲ್ಲ ದೀದಿ ಎಂದಿದ್ದ.

ಹೀರಾಬಿ ಅಂಗಡಿಯನ್ನು ಪಕ್ಕದವಳಿಗೆ ನೋಡಿಕೊಳ್ಳಲು ಹೇಳಿ ಕಾಗದ ಹಿಡಿದು ಅವನಲ್ಲಿಗೆ ಹೋದಳು. "ನೀರಪ್ಪ, ಇದು ನಿಮ್ಮ ಮಾತಿಂದು ಏನ್ ನೋಡ್ರಿ."

ಅವನು ಕೈ ತೊಳೆದು ಪಂಚೆಗೆ ಒರೆಸಿಕೊಂಡು ತೆಗೆದುಕೊಂಡ. ಅಕ್ಷರ ಕಂಡೊಡನೆ ಮುಖ ಅರಳಿತು. "ಹೌದು ದೀದಿ, ಬಾಂಗ್ಲಾ! ಹೆಣ್ಮಗಳ ಅಕ್ಷರ. ಫುಫು ಅಂತ ಬರದಾಳ."

ಫುಫು ಅಂದರೇನೆಂದು ಯಾರೂ ಹೇಳಬೇಕಾಗಿರಲಿಲ್ಲ. ಹೀರಾಬಿಯ ಮನೆಮಾತಿನಲ್ಲಿ ಸೋದರತ್ತೆಗೆ ಫುಪ್ಪಿ. ಆಕೆ ಅಲ್ಲೇ ಮೀನಿನ ನೀರು ಹರಿಯುತ್ತಿದ್ದ ನೆಲದ ಮೇಲೆ ಕೂತುಬಿಟ್ಟಳು.

ನೀರಪ್ಪ ಒಂದೊಂದು ಸಾಲನ್ನು ತನ್ನ ಭಾಷೆಯಲ್ಲಿ ಓದಿಕೊಂಡು ಕನ್ನಡದಲ್ಲಿ ಹೇಳುತ್ತ ಹೋದ. ಜಾಹೆದಾಗೆ ಈಗ ಹದಿನೆಂಟು. ಅಪ್ಪ ಅಮ್ಮ ಇಬ್ಬರೂ ಎಪ್ಪತ್ತೊಂದರ ಕೊನೆಗೆ ಸತ್ತರು. ಅವಳನ್ನು ಪಕ್ಕದ ಮನೆಯ ರಾಬೆಯಾ ಎಂಬಾಕೆ ಭತ್ತದ ಕಣಜದಲ್ಲಿ ಬಚ್ಚಿಟ್ಟು ಉಳಿಸಿದಳು. ಆಕೆ ಬಂಗಾಲಿ, ಆಕೆಯನ್ನೇ ಅಮ್ಮ ಎನ್ನುತ್ತಾಳೆ. ಜೀವಭಯಕ್ಕೆ ಆಡದೆ ಆಡದೆ ಉರ್ದು ಮರೆತುಹೋಗಿದೆ, ಕ್ಷಮಿಸಬೇಕು. ಅಪ್ಪನ ಹಳೆಯ ಲಕೋಟೆಯೊಂದರ ಮೇಲಿದ್ದ ವಿಳಾಸ ನೋಡಿ ಬರೆಯುತ್ತಿದ್ದಾಳೆ. ಈಗ ಒಬ್ಬ ಮಾಸ್ತರ ಹುಡುಗನ ಜೊತೆ ಮದುವೆ ಗೊತ್ತಾಗಿದೆ. ಹುಡುಗನ ಮನೆಯವರು ಇವಳು ಯಾರ ಮಗಳು ಎಂದು ಕೇಳುತ್ತಿದ್ದಾರೆ. ಅಪ್ಪ ರೈಲ್ವೆಯಲ್ಲಿದ್ದವನು, ಕಾಲರಾದಿಂದ ಸತ್ತ ಎಂದು ಅಮ್ಮ ಹೇಳಿದ್ದಾಳೆ. ರಕ್ತಸಂಬಂಧಿಗಳಿಂದ ಒಂದು ಮಾತು ಬೇಕಂತೆ. ಅಪ್ಪ ಯೋಗ್ಯ ಮನುಷ್ಯ ಎಂದು ಫುಫು ಎರಡು ಸಾಲು ಬರೆಸಿ ಕಳಿಸಬೇಕು.

ಕೊನೆಗೆ ಒಂದು ಸಾಲಿಗೆ ಬಂದು ನೀರಪ್ಪ ನಿಂತ. ಹೀರಾಬಿ ಹೇಳಿರಿ ಎಂದಮೇಲೆ ಹೇಳಿದ. "ಇಲ್ಲಿ ಕೆಲವರು ಅಪ್ಪನ ಹೆಸರು ಹೇಳಿ ಉಗಳತಾರ. ಎಪ್ಪತ್ತೊಂದರಾಗ ಪಾಕಿಸ್ತಾನದ ಸೈನ್ಯದ ಸಂಗಾಟ ಇದ್ದ ರಜಾಕಾರ ಅಂತಾರ. ಅವ ಮದಲಿಂದ ಹೆಂಗಿದ್ದ, ನಿಮಗೊಬ್ಬರಿಗೇ ಗೊತ್ತು, ನನಗರ ಖರೆ ಹೇಳ್ರಿ ಅಂತ ಬರದಾಳ."

ಎಂಟು ವರ್ಷ ಎದೆಯಲ್ಲಿ ಹಿಡಿದಿದ್ದದ್ದು ಒಮ್ಮೆಲೆ ಬಿಟ್ಟುಹೋಗಿ ಹೀರಾಬಿ ಅತ್ತಳು. ಅಳುತ್ತ ಬಾಯಿಗೆ ಬಂದದ್ದನ್ನೆಲ್ಲ ಆಡಿದಳು. "ಅಲ್ಲೂ ಹಾಕ್ಕೊಂಡನಾ ಆ ಖಾಕಿ? ಇಲ್ಲಿ ಹಾಕ್ಕೊಂಡು ಊರು ಬಿಟ್ಟು ಓಡಿದ್ದು ಸಾಕಾಗಲಿಲ್ಲೇನು ಅವಗ? ಯಣ್ಣಾ, ನಿನಗ ಬುದ್ಧಿ ಬರಲಿಲ್ಲಲ್ಲೋ!"

ಅಳು ನಿಂತು ತಲೆ ಎತ್ತಿದಾಗ ನೀರಪ್ಪನ ಮುಖ ಬೇರೆಯಾಗಿತ್ತು. ಅವನು ಕಾಗದವನ್ನು ಮಡಿಚಿ ಆಕೆಯ ಮುಂದೆ ನೆಲದ ಮೇಲಿಟ್ಟ. ಕೈಗೆ ಕೊಡಲಿಲ್ಲ.

"ಅರವತ್ತನಾಕರಾಗ ನಮ್ಮ ಊರಿಗೆ ಬಂದ್ರು, ಗಿರಣಿ ಮಂದಿ, ಉರ್ದೂ ಮಾತಾಡೋರು. 'ನಿಕಲ್, ನಿಕಲ್' ಅನಕೋತ ಬಂದ್ರು. ನಾ ಹೊಲದಾಗ ಇದ್ದೆ. ಹೆಂಡತಿ, ಮಗಳು ಮನ್ಯಾಗ ಇದ್ರು. ಮಗಳಿಗೆ ಎರಡು ವರ್ಷ." ಅವನ ಕನ್ನಡಕ್ಕೆ ಅಷ್ಟೇ ಬರುತ್ತಿತ್ತು, ಅಥವಾ ಅಷ್ಟೇ ಸಾಕಾಗಿತ್ತು. "ಓದ್ದೆ, ದೀದಿ. ಬರಿಯಾಕ ಹೇಳಬ್ಯಾಡ್ರಿ."

ಮುಂದಿನ ವಾರ ಹೀರಾಬಿ ಮತ್ತೆ ಹೋದಳು. ಅವನು ಮುಖ ಎತ್ತಲಿಲ್ಲ. ಅದರ ಮುಂದಿನ ವಾರವೂ ಹೋಗಿ, ಏನೂ ಕೇಳದೆ ಬುಟ್ಟಿಯ ಪಕ್ಕದಲ್ಲಿ ಕೂತಳು. ಗಿರಾಕಿಗಳೆಲ್ಲ ಕರಗಿದ ಮೇಲೆ ನೀರಪ್ಪನೇ ಬಾಯಿಬಿಟ್ಟ.

"ನನ್ನ ಮಗಳು ಇದ್ದಿದ್ರ ಇಷ್ಟ ದೊಡ್ಡಾಕಿ ಆಗಿರ್ತಿದ್ಲು. ಹಾಳಿ ತರ್ರಿ. ಬರೀತೀನಿ."

ಬೇವಿನ ಗಿಡದ ಕೆಳಗೆ ಹೀರಾಬಿ ಹೇಳಿದಳು, ಅವನು ಬರೆದ. ಹೇಳಿದ್ದು ಇಷ್ಟು. ನಿನ್ನ ಅಪ್ಪ ಗುಲಾಮ್ ರಸೂಲ್ ದೇವದುರ್ಗದ ಒಳ್ಳೆಯ ಮನೆತನದವನು. ಒಂದು ಇರುವೆಗೂ ನೋವು ಮಾಡಿದವನಲ್ಲ. ಯಾವ ಪಾರ್ಟಿಗೂ, ಯಾವ ಗಲಾಟೆಗೂ ಹೋದವನಲ್ಲ. ನನ್ನ ಆಣೆ. ಮದುವೆ ಸುಖವಾಗಿ ನಡೆಯಲಿ.

ಇರುವೆಯ ಮಾತಿಗೆ ನೀರಪ್ಪನ ಪೆನ್ನು ನಿಂತಿತು. ಅವನು ತಲೆ ಎತ್ತಿ ಆಕೆಯನ್ನು ನೋಡಿದ. ಹೀರಾಬಿಗೆ ಆ ನೋಟ ತಿಳಿಯದೆ ಇರಲಿಲ್ಲ. "ಬರೀರಿ," ಎಂದು ಬೇರೆ ಕಡೆ ತಿರುಗಿದಳು. ಅವನು ಬಹಳ ಹೊತ್ತು ಬರೆದ. ತಾನು ಹೇಳಿದ್ದು ನಾಲ್ಕು ಮಾತು, ಹಾಳೆಯ ಎರಡೂ ಬದಿ ತುಂಬಿತಲ್ಲ ಎಂದು ಆಕೆಗೆ ಅನಿಸಿತು. ಬಂಗಾಲಿ ಭಾಷೆಗೆ ಜಾಗ ಹೆಚ್ಚು ಬೇಕಾಗುತ್ತದೇನೋ ಎಂದುಕೊಂಡು ಕೆಳಗೆ ಹೆಬ್ಬೆಟ್ಟು ಒತ್ತಿದಳು.

ಅಲ್ಲಿಂದ ಮೂರೂವರೆ ತಿಂಗಳು ಹೀರಾಬಿ ಬೇರೆಯೇ ಹೆಂಗಸಾಗಿದ್ದಳು. ಸಿರವಾರದಲ್ಲಿದ್ದ ಮಗಳಿಗೆ ಹೇಳಿಕಳಿಸಿ ಹಸಿರು ಗಾಜಿನ ಬಳೆ ತರಿಸಿದಳು, ಅಂಚೆಯಲ್ಲಿ ಕಳಿಸಿದರೆ ಒಡೆಯುತ್ತವೆ ಎಂದು ಶಂಶುದ್ದೀನ್ ಹೇಳಿದ ಮೇಲೆ ಪೆಟ್ಟಿಗೆಯಲ್ಲಿಟ್ಟಳು. ನೀರಪ್ಪನಿಗೆ ಅರಿಷಿಣ ಹಾಕುವಾಗ ಒಂದು ಕೊಂಬು ಹೆಚ್ಚೇ ಹಾಕುತ್ತಿದ್ದಳು. ಅವನು ಅದನ್ನು ತೆಗೆದು ವಾಪಸು ಇಡುತ್ತಿದ್ದ. ದೊಡ್ಡ ಸ್ವಾಭಿಮಾನಿ ಎಂದುಕೊಂಡಳು.

ಭತ್ತ ಎದೆಯುದ್ದ ಬೆಳೆದು ನಿಂತ ಕಾಲಕ್ಕೆ ಉತ್ತರ ಬಂತು. ಸಂತೆಯ ದಿನ ಹೀರಾಬಿ ಅದನ್ನು ಹಿಡಿದುಕೊಂಡು ಹೆಚ್ಚುಕಡಿಮೆ ಓಡಿಯೇ ಹೋದಳು. ನೀರಪ್ಪ ಲಕೋಟೆ ನೋಡಿ, ಇದು ಹುಡುಗಿಯ ಅಕ್ಷರವಲ್ಲ ಎಂದ. ಬಿಚ್ಚಿ ಮೊದಲು ತಾನೇ ಓದಿದ. ಮುಗಿದ ಮೇಲೆ ಮತ್ತೆ ಮೊದಲಿನಿಂದ ಓದಿದ.

"ಏನಂತ? ಮದುವಿ ಆತಂತೇನು?"

ಬೇಕಾದರೆ ಅವನು ಆಯಿತು ಎನ್ನಬಹುದಿತ್ತು. ಹುಡುಗಿ ಸುಖವಾಗಿದ್ದಾಳೆ, ಇನ್ನು ಕಾಗದ ಬರೆಯಲು ಬಿಡುವಿಲ್ಲವಂತೆ ಎಂದು ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆ ಅಕ್ಷರಗಳನ್ನು ಬೇರೆ ಯಾರಿಂದ ಓದಿಸುತ್ತಿದ್ದಳು ಹೀರಾಬಿ? ಆದರೆ ಅವನು ಕಾಗದದ ಮೇಲೆ ಕಣ್ಣಿಟ್ಟುಕೊಂಡು ಇದ್ದದ್ದನ್ನು ಇದ್ದಹಾಗೆ ಹೇಳಿದ.

ಬರೆದವಳು ರಾಬೆಯಾ. ಹೀರಾಬಿಯ ಕಾಗದ ಬಂದಾಗ ಹುಡುಗನ ಹಿರಿಯರು ಮನೆಯಲ್ಲೇ ಇದ್ದರು. ಎಲ್ಲರೆದುರು ಓದಿಸಿದರು. ಕಾಗದದಲ್ಲಿ, ಗುಲಾಮ್ ರಸೂಲ್ ಹೈದರಾಬಾದಿನಲ್ಲೂ ರಜಾಕಾರನಾಗಿದ್ದ, ಅಲ್ಲಿಂದ ತಪ್ಪಿಸಿಕೊಂಡು ಓಡಿಬಂದವನು, ಅವನ ತಂಗಿಯೇ ಅದನ್ನು ಹೇಳಿ ಅತ್ತಳು ಎಂದು ಇತ್ತು. ಹಿರಿಯರು ಎಲೆ ಅಡಿಕೆ ಮುಟ್ಟದೆ ಎದ್ದರು. ಮೂರನೆಯ ದಿನ ಜಾಹೆದಾ ಮನೆಬಿಟ್ಟು ಹೋದಳು. ಉರ್ದು ಮಾತಿನ ಜನರನ್ನು ಗುಂಪು ಹಾಕಿ ಇಟ್ಟಿರುವ ಢಾಕಾದ ಕ್ಯಾಂಪಿಗೆ ಹೋದಳೆಂದು ಹೇಳುತ್ತಾರೆ. ಅವಳಿಗೆ ಈಗ ಆ ಭಾಷೆಯೇ ಬರುವುದಿಲ್ಲ.

ನೀರಪ್ಪ ಮುಂದಿನದನ್ನು ಓದಿದ. "'ನನ್ನ ಮಗನ್ನ ಒಯ್ದವರ ಸಂಗಾಟ ನಿಮ್ಮಣ್ಣನೂ ಇದ್ದ. ನಾ ಕಣ್ಣಾರೆ ನೋಡೀನಿ. ಅದು ಗೊತ್ತಿದ್ದೇ ಅವನ ಮಗಳನ್ನ ಸಾಕೀನಿ. ಅವ ಏನಾಗಿದ್ದ ಅಂತ ನಾ ನಿಮ್ಮನ್ನ ಕೇಳಿರಲಿಲ್ಲ. ಒಂದು ಸಾಲು ಸುಳ್ಳು ಕೇಳಿದ್ದೆ, ಅಷ್ಟ. ಜಾಹೆದಾ ನಿಮ್ಮ ಕಡೆ ಬಂದ್ರ, ಬೈಬ್ಯಾಡ್ರಿ. ಮನಿಗೆ ಕಳಸ್ರಿ.'"

ಸುತ್ತ ಸಂತೆ ಗದ್ದಲ ಮಾಡುತ್ತಲೇ ಇತ್ತು. ಯಾರೋ ಬಂದು ಮೀನು ಹೇಗೆ ಎಂದು ಕೇಳಿ ಮುಂದೆ ಹೋದರು.

"ನಾ ಹಂಗ ಹೇಳಿರಲಿಲ್ಲಲ್ಲ," ಎಂದಳು ಹೀರಾಬಿ.

"ಇಲ್ಲ ದೀದಿ. ನಾನ ಬರದೆ. ಇರುವಿಗೂ ನೋವು ಮಾಡಿಲ್ಲ ಅಂತ ಬರಿಯಾಕ ಕೈ ಬರಲಿಲ್ಲ. ನನ್ನ ಹೆಂಡತಿ, ಮಗಳು ಕಣ್ಣ ಮುಂದ ನಿಂತ್ರು. ಸಿಟ್ಟಿನಾಗ ಬರದೆ, ನಾನ ಡಬ್ಬಿಗೆ ಹಾಕಿದೆ. ಮರುದಿನ ಅಂಚಿ ಡಬ್ಬಿ ಮುಂದ ಹೋಗಿ ನಿಂತೆ, ತಗಿಯಾಕ ಬರಂಗಿಲ್ಲಲ್ಲ."

"ಸುಳ್ಳು ಏನರ ಬರದೀರೇನು?"

"ಇಲ್ಲ."

ಹೀರಾಬಿ ಅವನನ್ನು ಬೈಯಲು ಮಾತು ಹುಡುಕಿದಳು. ಕೊಲೆಗಾರ ಎನ್ನಬೇಕೆನಿಸಿತು. ಆದರೆ ಆ ಮಾತಿನ ಹಿಂದೆಯೇ ಅಣ್ಣ ಬಂದು ನಿಲ್ಲುತ್ತಿದ್ದ. ಕಾಗದ ಕಸಿದುಕೊಂಡು ತನ್ನ ಜಾಗಕ್ಕೆ ಬಂದು, ಹರಡಿದ್ದನ್ನೆಲ್ಲ ಗಂಟು ಕಟ್ಟಿ ಮಧ್ಯಾಹ್ನಕ್ಕೇ ಮನೆಗೆ ಹೋದಳು. ಮುಂದೆ ಎರಡು ತಿಂಗಳು ಆಕೆ ಸಂತೆಯಲ್ಲಿ ಕಾಣಲಿಲ್ಲ.

ಆ ಎರಡು ತಿಂಗಳಲ್ಲಿ ಆಕೆಯನ್ನು ಕೊರೆದದ್ದು ನೀರಪ್ಪನ ಮೋಸವಲ್ಲ, ರಾಬೆಯಾಳ ಒಂದು ಮಾತು, ಗೊತ್ತಿದ್ದೇ ಸಾಕೀನಿ ಎಂಬುದು. ಒಂದು ಬೆಳಿಗ್ಗೆ ದೇವದುರ್ಗದ ಬಸ್ಸು ಹತ್ತಿದಳು. ಅಂದು ಹಟ್ಟಿಯಲ್ಲಿ ಅಡಗಿಸಿಟ್ಟಿದ್ದ ದುರುಗಪ್ಪ ಈಗ ಇರಲಿಲ್ಲ. ಅವನ ಹೆಂಡತಿ ಕರೆಮ್ಮ ಅಂಗಳದಲ್ಲಿ ಉಣ್ಣೆ ಬಿಡಿಸುತ್ತ ಕೂತಿದ್ದಳು. ಹಬ್ಬಕ್ಕೆ ಹುಣ್ಣಿಮೆಗೆ ಹೋಗಿಬಂದು ಇಟ್ಟುಕೊಂಡ ಮನೆಯೇ ಅದು. ಕರೆಮ್ಮ "ಬಾ ಹೀರಾ, ಇದೇನ್ ಒಮ್ಮಿಂದೊಮ್ಮೆಲೆ?" ಎಂದು ನೀರು ಕೊಟ್ಟಳು.

ಹೀರಾಬಿ ನೀರು ಕುಡಿಯದೆ ಕೇಳಿದಳು. "ಯವ್ವಾ, ನಮ್ಮಣ್ಣ ಈ ಊರಾಗ ಏನ್ ಮಾಡಿದ್ದ?"

ಕರೆಮ್ಮನ ಕೈ ಉಣ್ಣೆಯಲ್ಲೇ ನಿಂತಿತು. "ಈಗ ಯಾಕ ಅದು?"

"ಹೇಳಬೇ."

"ನನ್ನ ಮೈದುನ ಪರಮಣ್ಣ ಇದ್ದನಲ್ಲ. ಹೊಳಿ ದಂಡ್ಯಾಗ ಅಡಗಿದ್ದ ಹೋರಾಟದ ಹುಡುಗರಿಗೆ ರೊಟ್ಟಿ ಒಯ್ತಿದ್ದ. ರಜಾಕಾರರು ಹುಡುಕ್ಯಾಡಕೋತ ಬಂದಾಗ ಹೊಟ್ಟಿನ ಕ್ವಾಣ್ಯಾಗ ಕುಂತಿದ್ದ. ಆ ಜಾಗ ಹೊರಗಿನವರಿಗೆ ಹೆಂಗ ಗೊತ್ತಾಗಬೇಕು? ಸಣ್ಣವಿದ್ದಾಗ ನಿಮ್ಮಣ್ಣನೂ ಅವನೂ ಅಲ್ಲೇ ಅಡಗಿ ಆಡತಿದ್ರು." ಕರೆಮ್ಮ ಮತ್ತೆ ಉಣ್ಣೆಗೆ ಕೈ ಹಚ್ಚಿದಳು. "ಗುಲಾಮ ಬಾಯಿ ಬಿಡಲಿಲ್ಲ. ಬರೇ ಅತ್ತ ನೋಡಿದ. ಅಷ್ಟ ಸಾಕಾತು ಅವರಿಗೆ."

"ನಿಮ್ಮ ಮೈದುನ ಕಾಲರಾ ಆಗಿ ಸತ್ತ ಅಂದಿದ್ರಿ."

"ಅಂದಿದ್ವಿ."

"ನಮ್ಮನ್ನ ಹಟ್ಟಿಯಾಗ ಇಟ್ಟುಕೊಂಡಾಗ ಇದು ಗೊತ್ತಿತ್ತಾ ನಿಮಗ?"

"ಅದಾಗಿ ಹದಿನೆಂಟು ದಿನ ಆಗಿತ್ತು. ನೀವು ಮೂರು ಮಂದಿ ಬಾಗಿಲಾಗ ಬಂದು ನಿಂತ್ರಿ. ನಿಮ್ಮವ್ವಗ ನಡಗಾಕತ್ತಿತ್ತು. ನಮ್ಮತ್ತಿ ಒಳಗ ಕರೀರಿ ಅಂದ್ಲು. ಮಗನ್ನ ಕಳಕೊಂಡಾಕಿ ಆಕಿ. ಯಾಕ ಅಂತ ನಾನೂ ಕೇಳಲಿಲ್ಲ, ಆಕಿನೂ ಹೇಳಲಿಲ್ಲ."

ಹೀರಾಬಿ ಕುಡಿಯದ ನೀರನ್ನು ಕೆಳಗಿಟ್ಟಳು. "ಮೂವತ್ತು ವರ್ಷ ನಿಮ್ಮನಿ ರೊಟ್ಟಿ ತಿಂದೀನಿ. ಒಮ್ಮ್ಯಾರ ನನಗ ಹೇಳಬಾರದಾಗಿತ್ತೇನು?"

"ನೀ ಕೇಳತಿ ಏನೋ ಅಂತ ದಾರಿ ನೋಡಿದೆ," ಎಂದಳು ಕರೆಮ್ಮ. ಸಿಟ್ಟಿರಲಿಲ್ಲ, ಬರೀ ದಣಿವಿತ್ತು. "ನಮ್ಮ ಪರಮಣ್ಣನ ಹೆಸರು ನಿನ್ನ ಬಾಯಾಗ ಒಂದು ಸಲ ಬರ್ತದೇನೋ ಅಂತ ಪ್ರತಿ ಹಬ್ಬಕ್ಕೂ ನೋಡಿದೆ. ಬರಲಿಲ್ಲ. ಅದಕ್ಕ ನಾನೂ ಬಿಟ್ಟೆ."

ಹೀರಾಬಿ ಆಕೆಯ ಕಾಲು ಹಿಡಿಯಲು ಬಗ್ಗಿದಳು. ಕರೆಮ್ಮ ಕಾಲು ಹಿಂದಕ್ಕೆಳೆದುಕೊಂಡಳು. "ಬ್ಯಾಡ. ಅದೇನೂ ಬ್ಯಾಡ. ಕುಂದ್ರು. ಊಟ ಮಾಡಿ ಹೋಗು." ಇಬ್ಬರೂ ಉಂಡರು. ಉಂಡ ಮೇಲೆ ಹೀರಾಬಿ ಇಬ್ಬರ ತಾಟನ್ನೂ ತೊಳೆದಿಟ್ಟಳು.

ಮುಂದಿನ ವಾರ ಸಂತೆಗೆ ಬಂದು ನೀರಪ್ಪನ ಮುಂದೆ ಹಾಳೆ ಇಟ್ಟಳು. "ಬರೀರಿ. ಈ ಸಲ ನಾ ಹೇಳಿದಷ್ಟ. ಬರದ ಮ್ಯಾಲೆ ಓದಿ ಹೇಳ್ರಿ." ಅವನು ಕಣ್ಣೊರೆಸಿಕೊಂಡು ಪೆನ್ನು ತೆಗೆದ. ಒಂದು ಕಾಗದ ಢಾಕಾದ ಕ್ಯಾಂಪಿಗೆ, ಜಾಹೆದಾ ಹೆಸರಿಗೆ. ನಿನ್ನ ಅಪ್ಪ ಮಾಡಿದ್ದು ನಿಜ, ಅದರಲ್ಲಿ ನಿನ್ನದೇನೂ ಇಲ್ಲ, ಅಮ್ಮ ಕಾಯುತ್ತಿದ್ದಾಳೆ, ಮನೆಗೆ ಹೋಗು. ಇನ್ನೊಂದು ರಾಬೆಯಾಗೆ. ಅದರಲ್ಲಿ ಹೀರಾಬಿ ಪರಮಣ್ಣನ ಹೆಸರನ್ನೂ ಬರೆಸಿದಳು. ನಿಮ್ಮ ಮಗನ ಹೆಸರೇನು, ನಾನು ಮೊದಲೇ ಕೇಳಬೇಕಾಗಿತ್ತು, ಎಂದೂ ಬರೆಸಿದಳು. ಬರೆದು ಮುಗಿಸಿ ನೀರಪ್ಪ, ಕೆಳಗೆ ತಾನೊಂದು ಸಾಲು ಸೇರಿಸಲೇ ಎಂದು ಅಪ್ಪಣೆ ಕೇಳಿದ. ಹಿಂದಿನ ಕಾಗದ ಕೆಡಿಸಿದವನು ನಾನು, ಈಕೆಯಲ್ಲ ಎಂದು ಬರೆದು ತನ್ನ ಪೂರ್ತಿ ಹೆಸರು ಹಾಕಿದ.

ಕ್ಯಾಂಪಿಗೆ ಹೋದ ಕಾಗದಕ್ಕೆ ಉತ್ತರ ಬರಲಿಲ್ಲ. ಅಲ್ಲಿಗೇ ಮತ್ತೊಂದು ಬರೆಸಿದಳು, ಅದಕ್ಕೂ ಬರಲಿಲ್ಲ. ಎಂಬತ್ತೆರಡರಲ್ಲಿ ಇಬ್ಬರೂ ಕೂಡಿ ರಾಯಚೂರಿಗೆ ಹೋಗಿ, ಹೊರದೇಶದಲ್ಲಿ ಕಾಣೆಯಾದವರನ್ನು ಹುಡುಕಿಸಲು ಅರ್ಜಿ ಕೊಡಬಹುದೆಂದು ಯಾರೋ ಹೇಳಿದ ಕಚೇರಿಯನ್ನು ಹುಡುಕಿ ಸರದಿಯಲ್ಲಿ ನಿಂತರು. ಗುಮಾಸ್ತ ಒಳ್ಳೆಯವನೇ. ಕೂಡಿಸಿ ಮಾತಾಡಿಸಿದ. ಹೆಸರು ಬರೆದುಕೊಂಡ, ವಯಸ್ಸು ಬರೆದುಕೊಂಡ. ಆಮೇಲೆ, "ಹುಡುಗಿ ಯಾವ ದೇಶದಾಕಿ?" ಎಂದು ಕೇಳಿದ.

ಹುಟ್ಟಿದಾಗ ಪಾಕಿಸ್ತಾನವಾಗಿದ್ದ ನೆಲ ಈಗ ಪಾಕಿಸ್ತಾನವಲ್ಲ. ಬಾಂಗ್ಲಾದೇಶ ಅವಳನ್ನು ತನ್ನವಳು ಎನ್ನಲಿಲ್ಲ. ಪಾಕಿಸ್ತಾನವೂ ಕರೆಸಿಕೊಳ್ಳಲಿಲ್ಲ. ಹಿಂದುಸ್ತಾನಕ್ಕೆ ಅವಳು ಬಂದೇ ಇರಲಿಲ್ಲ.  ಗುಮಾಸ್ತ ಆ ಜಾಗವನ್ನು ಖಾಲಿ ಬಿಟ್ಟು, ಅದು ತುಂಬದಿದ್ದರೆ ಅರ್ಜಿ ಮುಂದೆ ಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿದ. ಮಧ್ಯಾಹ್ನದ ಬಸ್ಸಿಗೆ ಇಬ್ಬರೂ ಮಾನ್ವಿಗೆ ಹೊರಟರು. ದಾರಿಯುದ್ದಕ್ಕೂ ನೀರಪ್ಪ ಕಿಟಕಿಯ ಆಚೆ ನೋಡುತ್ತಿದ್ದ. ತನಗಾದರೂ ಒಂದು ಕ್ಯಾಂಪು, ಒಂದು ಚೀಟಿ, ಒಂದು ದೇಶ ಸಿಕ್ಕಿತ್ತಲ್ಲ ಎಂದು ಅವನು ಹೇಳಿದ್ದು ಒಂದೇ ಮಾತು.

ರಾಬೆಯಾ ಮಾತ್ರ ಅದಕ್ಕೂ ಮೊದಲೇ, ತನ್ನ ಕಾಗದ ತಲುಪಿ ಒಂಬತ್ತು ತಿಂಗಳಿಗೆ, ಉತ್ತರ ಬರೆದಿದ್ದಳು. ಮಗನ ಹೆಸರು ಅನ್ವರ್, ಬಿ.ಎ. ಓದುತ್ತಿದ್ದ ಎಂದಿತ್ತು. ಕ್ಷಮಿಸಿದ್ದೇನೆ ಎಂದೇನೂ ಇರಲಿಲ್ಲ. ಜಾಹೆದಾ ಚಿಕ್ಕವಳಿದ್ದಾಗ ಜ್ವರ ಬಂದರೆ ಮಾತ್ರ ಉರ್ದುವಿನಲ್ಲಿ ಕನವರಿಸುತ್ತಿದ್ದಳು, ಅರ್ಥವಾಗದೆ ತಾನು ಹೂಂಗುಟ್ಟುತ್ತಿದ್ದೆ ಎಂದು ಬರೆದಿದ್ದಳು. ಆಮೇಲೆ ವರ್ಷಕ್ಕೊಂದು ಕಾಗದ ಬಂತು. ಬರಬರುತ್ತ ಅವು ಚಿಕ್ಕವಾದವು. ಎಂಬತ್ತಾರರ ಹೊತ್ತಿಗೆ ಒಂದೇ ಪ್ರಶ್ನೆ ಉಳಿದಿತ್ತು. ಜಾಹೆದಾ ಅಲ್ಲಿಗೆ ಬಂದಳೇ?

ಆ ಸಾಲನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನೀರಪ್ಪನಿಗೆ ಉಳಿದಿರಲಿಲ್ಲ. ಅವನ ಕಣ್ಣು ಮಂಜಾಗಿತ್ತು. ಕಾಗದವನ್ನು ಮೂಗಿನ ಹತ್ತಿರ ಹಿಡಿದು ಬಂಗಾಲಿಯಲ್ಲೇ ಓದುತ್ತಿದ್ದ, ಹೀರಾಬಿಗೆ ತಿಳಿಯುತ್ತಿತ್ತು.

"ಏನಂತ ಬರೀಲಿ, ದೀದಿ?"

"ಇಲ್ಲ ಅಂತ ಬರೀರಿ," ಎಂದಳು ಹೀರಾಬಿ. "ನಿಮ್ಮ ಕಡಿ ಬಂದ್ಲೇನು ಅಂತ ಕೇಳ್ರಿ."